ಐಲಿಯ ಬಲಗಾಲು

ಸ್ಮಶಾನದ ಗೇಟು ದಾಟುವಾಗ ಮರದ ದಿಮ್ಮಿ ತುಂಬಿದ ಲಾರಿ ಅಡ್ಡ ಬಂತೆಂದು ರೈಮೊ ಬ್ರೇಕ್ ಒತ್ತಿದ. ಪೆಡಲ್ ಅವನ ಅಂಗಾಲಿನಡಿ ಗಡಗಡ ನಡುಗಿತು.

“ಅಣ್ಣನ ಕಾರು ಯಾಕತ್ತಿಗೆ ಹೀಗೆ ಒದರ್ತಿದೆ?”

“ಎಲ್ಲಾ ನನ್ನ ಕಾಲ್ಗುಣ,” ಎಂದಳು ಪಕ್ಕದಲ್ಲಿದ್ದ ಐಲಿ.

ಹಿಂದೆ ಕೂತಿದ್ದ ನೆರೆಮನೆಯ ಸಿರ್ಕ ಸಿಡುಕಿದಳು: “ಮಣ್ಣು ಮಾಡಿ ಅರ್ಧ ಗಂಟೆ ಆಗಿಲ್ಲ, ಆಗಲೇ ಕಾರಿನ ಮಾತಾ? ಕಲೆರ್ವೊ ಎದ್ದು ಬಂದಾನು!”

*

ಹನ್ನೊಂದು ವರ್ಷದ ಹಿಂದೆ ಗಿರಾಕಿಗಳು ತುಂಬಿದ್ದ ಗಂಡನ ಗ್ಯಾರೇಜಿನಲ್ಲಿ ಐಲಿ ಇದೇ ನಡುಕದ ಸುದ್ದಿ ಹೇಳಿದ್ದಳು. ಕಲೆರ್ವೊ ತಲೆ ಎತ್ತಲಿಲ್ಲ.

“ಕಾದ ಬ್ರೇಕನ್ನ ಹಸು ತುಳಿದ ಹಾಗೆ ತುಳ್ಕೊಂಡೇ ನಿಲ್ತೀಯಲ್ಲೇ! ಚಕ್ರದ ಡಿಸ್ಕ್ ತಟ್ಟೆ ಕೆಡದೆ ಇನ್ನೇನಾಗುತ್ತೆ? ಒಂದಿನ ಯಾರನ್ನಾದ್ರೂ ಕೊಲ್ತೀಯ ನೋಡು.”

ಎಲ್ಲರೂ ನಕ್ಕರು. ಅವನು ಹೊಸ ತಟ್ಟೆ ಹಾಕಿದ. ತಿಂಗಳೊಳಗೆ ಮತ್ತೆ ನಡುಕ. ಐಲಿ ಹೆದರಿ ಕಾರಿನ ಕೀಲಿ ಗಂಡನಿಗೆ ಕೊಟ್ಟುಬಿಟ್ಟಳು.

ಅವಳ ತಾಯಿ ಮೂವತ್ತು ಕಿಲೋಮೀಟರ್ ಆಚೆಯ ವೃದ್ಧಾಶ್ರಮದಲ್ಲಿದ್ದಳು. ಅಲ್ಲಿಯವರೆಗೆ ಐಲಿ ಕಾರಿನಲ್ಲಿ ವಾರಕ್ಕೆ ಮೂರು ಸಲ ಹೋಗುತ್ತಿದ್ದಳು. ಆ ದಿನಗಳಲ್ಲಿ ಕಲೆರ್ವೊಗೆ ತಣ್ಣನೆಯ ಊಟವೇ ಗತಿ. ಆಮೇಲೆ ಮಂಗಳವಾರದ ಬಸ್ಸೊಂದೇ ಉಳಿಯಿತು. ತಾಯಿ ಸತ್ತದ್ದು ಗುರುವಾರ, ಮಗಳ ಹೆಸರು ಕೂಗುತ್ತಾ.

*

ಚರ್ಚಿನ ಸಭಾಭವನದಲ್ಲಿ ಕಾಫಿ ಕಾದಿತ್ತು. ಐಲಿ ಒಳಗೆ ಹೋಗಲೊಲ್ಲಳು.

“ನೀನೂ ಇದೇ ಕೆಲಸದವನು, ರೈಮೊ. ಈಗಲೇ ಬಿಚ್ಚಿ ನೋಡು. ನನ್ನ ಕಾಲಿನ ತಪ್ಪೋ ಅಲ್ಲವೋ, ಅಷ್ಟು ಹೇಳಿಬಿಡು. ಅವ್ವನ್ನ ನಾನೇ ಕೈಬಿಟ್ಟೆನಾ ಅಂತ ತಿಳೀದೆ ಬದುಕೋಕಾಗಲ್ಲ ನಂಗೆ.”

ರೈಮೊ ಅಂಗಳದಲ್ಲಿ ಕಾರು ಓಡಿಸಿ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದ. ನಡುಕವಿಲ್ಲ. ಅಂದರೆ ಹಿಂದಿನ ಚಕ್ರಗಳಲ್ಲಿ ದೋಷವಿಲ್ಲ. ಕೋಟು ಕಳಚಿ, ಜಾಕ್ ಏರಿಸಿ, ಮುಂದಿನ ಬಲಚಕ್ರ ತೆಗೆದ. ತಟ್ಟೆ ತಿರುಗಿಸಿದರೆ ಸುತ್ತಿಗೊಮ್ಮೆ ಓರೆಯಾಗಿ ಹೊಯ್ದಾಡುತ್ತಿತ್ತು. ಸುತ್ತಿಗೆಯಿಂದ ಬಡಿದು ಕಿತ್ತ.

ತಟ್ಟೆಯ ಹಿಂದೆ, ಅದು ಕೂರುವ ಜಾಗದಲ್ಲಿ, ಅದನ್ನು ಓರೆ ಮಾಡುವಂತೆ ಉಗುರಗಲದ ತಗಡಿನ ಚೂರು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ಸುತ್ತೆಲ್ಲ ತುಕ್ಕು ಹಿಡಿದಿತ್ತು. ಚೂರಿಗೆ ಮಾತ್ರ ಗ್ರೀಸ್ ಸವರಿತ್ತು. ನಾಲ್ಕೂ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿತ್ತು. ಹಾಗೆ ಉಜ್ಜುವುದನ್ನು ರೈಮೊಗೆ ಕಲಿಸಿದವನೇ ಅಣ್ಣ. ಥೂ, ಪಾಪಿ! ಅವನು ಚೂರನ್ನು ಕಿತ್ತು ಅಂಗೈಗೆ ಹಾಕಿಕೊಂಡ.

ಅಷ್ಟರಲ್ಲಿ ಪಾದ್ರಿ, ಸಿರ್ಕ, ಅಣ್ಣನ ಹಳೇ ಗಿರಾಕಿಗಳೆಲ್ಲ ಹೊರಬಂದು ಸುತ್ತ ನಿಂತರು.

“ಸಿಕ್ತೇನೋ?” ಐಲಿಯ ದನಿಯಲ್ಲಿ ಆಸೆಯಿತ್ತು.

ರೈಮೊ ಎಲ್ಲರ ಮುಖ ನೋಡಿದ. ಮುಷ್ಟಿ ಬಿಗಿಹಿಡಿದ.

“ಅಣ್ಣ ಹೇಳಿದ್ದೇ ಸರಿ, ಅತ್ತಿಗೆ. ಕಾಲಿಂದಲೇ ಆಗಿರೋದು.”

“ಮತ್ತೆ? ಕಲೆರ್ವೊ ಕಾರಿನ ವಿಷಯದಲ್ಲಿ ಯಾವತ್ತಾದ್ರೂ ತಪ್ಪಿದ್ದುಂಟಾ?” ಎಂದಳು ಸಿರ್ಕ.

“ಈ ಕಾರಿನ ಉಸಾಬರಿ ನಿಮಗೆ ಬೇಡ. ನಾನೇ ಒಯ್ತೀನಿ,” ಎಂದ ರೈಮೊ.

ಐಲಿ ತಲೆಯಾಡಿಸಿ ಒಳಗೆ ನಡೆದಳು. ಮೇಣದಬತ್ತಿಯ ಪಕ್ಕ ಕಲೆರ್ವೊನ ಫೋಟೊ ಇತ್ತು. ಅದರ ಮುಂದೆ ಎಲ್ಲರೆದುರೇ ತಲೆ ತಗ್ಗಿಸಿದಳು.

“ಹನ್ನೊಂದು ವರ್ಷ ಒಳಗೊಳಗೇ ನಿನ್ನ ಶಪಿಸಿದೆ. ತಪ್ಪಾಯ್ತು ಕಣೋ.”

ರೈಮೊ ಬಾಗಿಲಲ್ಲೇ ನಿಂತಿದ್ದ, ಒಂದು ಕೈ ಜೇಬಿನಲ್ಲಿ. ಐಲಿ ಅವನ ಬಳಿ ಬಂದಳು.

“ಮುಲಾಜಿಲ್ಲದೆ ನಿಜ ಹೇಳಿದೆಯಲ್ಲ, ನಿನ್ನ ಉಪಕಾರ ಮರೆಯಲ್ಲ. ಕೈಯೆಲ್ಲಾ ಕೊಳೆ ಮಾಡ್ಕೊಂಡಿದ್ದೀಯ, ಕೊಡಿಲ್ಲಿ.”

ಅವನ ಇನ್ನೊಂದು ಕೈ ಹಿಡಿದು, ಬೆಳಗಿನಿಂದ ಕಣ್ಣೊರೆಸಿಕೊಂಡು ಒದ್ದೆಯಾಗಿದ್ದ ಕರವಸ್ತ್ರದಿಂದ ಒಂದೊಂದೇ ಬೆರಳಿನ ಗ್ರೀಸ್ ಒರೆಸತೊಡಗಿದಳು.