ತಲೆ ಎಣಿಕೆ

"ಮಂತ್ರಿಗಳು ಬೆಳಗಿನ ಜಾವವೇ ಬೆಂಗಳೂರಿಗೆ ಹೊರಟುಹೋದ್ರು" ಎಂದು ಸಾರಿಗೆ ಮಂತ್ರಿಯ ಪಿ.ಎ. ಹೇಳಿದಾಗ, ಮೂಡಿಗೆರೆಯ ಪ್ರವಾಸಿ ಮಂದಿರದ ಅಂಗಳದಲ್ಲಿ ಬಾಳೆಹಿತ್ಲಿನ ಅರವತ್ತು ಜನ ಕಾಯಲು ಶುರುಮಾಡಿ ಮೂರು ಗಂಟೆಯಾಗಿತ್ತು. ವಯಸ್ಸಾದವರು ಚಪ್ಪಲಿ ಕಳಚಿ ಅದರ ಮೇಲೇ ಕೂತಿದ್ದರು.

"ಹನ್ನೊಂದಕ್ಕೆ ಬನ್ನಿ ಅಂದೋರು ಅವ್ರೇ ಅಲ್ವಾ?" ಶಶಿಧರ್ ಕೇಳಿದರು. ತೋಟದ ಮಾಲೀಕರು, ಪಂಚಾಯಿತಿ ಸದಸ್ಯರು. ನಾಲ್ಕು ಜೀಪು ಹೊಂದಿಸಿ ಊರನ್ನು ಇಲ್ಲಿಗೆ ಕರೆತಂದವರು ಅವರೇ.

"ಎಂತ ಮಾಡೋದು ಗೌಡ್ರೆ, ಹನ್ನೆರಡು ಜನ ಶಾಸಕರು ರೆಸಾರ್ಟಿಗೆ ಹೋಗಿ ಕೂತಿದಾರೆ. ಸಂಜೆವರೆಗೆ ಸರ್ಕಾರ ಇರ್ತದೋ ಇಲ್ವೋ! ಇನ್ನು ನಿಮ್ಮ ಬಸ್ಸಿನ ಕಥೆ ಕೇಳೋರು ಯಾರು?" ಪಿ.ಎ., ಬಸ್ಸು ನಿಲ್ಲಿಸಬೇಡಿ ಎಂದು ಊರಿನವರು ಬರೆದ ಅರ್ಜಿಯನ್ನು ಮಡಚಿ ಗಾಳಿ ಬೀಸಿಕೊಂಡ. "ಡಿಪೋದಲ್ಲಿ ಟೈರಿಗೂ ಗತಿ ಇಲ್ಲ. ಸರ್ಕಾರದಿಂದ ಬರಬೇಕಾದ್ದು ಎರಡು ವರ್ಷದಿಂದ ಬಂದಿಲ್ಲ. ಜನ ಹತ್ತದ ರೂಟು ನಿಲ್ಸಿ ಅಂತ ಮೇಲಿನಿಂದ ಆರ್ಡರ್ ಆಗಿದೆ."

"ನಮ್ಮ ಬಸ್ಸಿಗೆ ಜನ ಇದಾರೆ ಸಾರ್. ನೋಡಿ, ಎಷ್ಟು ಜನ ಬಂದಿದೀವಿ" ಎಂದಳು ಬಸಮ್ಮ.

ಅಷ್ಟು ಜನರನ್ನು ಕೂಡಿಸಿದವಳು ಅವಳು. ಊರಿನ ಕೆಲಸಕ್ಕೆ ಮನೆಗೊಂದಾಳು ಎಂಬುದು ಬಾಳೆಹಿತ್ಲಿನ ರೂಢಿ. ಕಾಲುವೆ ಹೂಳೆತ್ತುವುದಕ್ಕೂ ಅಷ್ಟೇ, ಸತ್ತವರ ಮನೆಗೆ ಸೌದೆ ಹೊರುವುದಕ್ಕೂ ಅಷ್ಟೇ. ಈ ಸಲ ಅದು ಸಾಲದೆಂದು ಬಸಮ್ಮನಿಗೆ ಅನ್ನಿಸಿತ್ತು. ಎರಡು ಸಂಜೆ ಮನೆಮನೆ ತಿರುಗಿ, "ಬಸ್ಸಲ್ಲಿ ಓಡಾಡೋರೆಲ್ಲ ಬರ್ಬೇಕು, ತಲೆ ಜಾಸ್ತಿ ಕಂಡ್ರೆ ಮಂತ್ರಿಗೆ ಭಯ ಆಗ್ತದೆ" ಎಂದು ಒಪ್ಪಿಸಿದ್ದಳು. ಕಾಲೇಜಿನ ಮಕ್ಕಳನ್ನೂ ಬಿಟ್ಟಿರಲಿಲ್ಲ. ಮಂತ್ರಿಗೆ ಭಯ ಹುಟ್ಟಿಸಲು ಹನ್ನೆರಡು ಶಾಸಕರು ಬೇಕು, ಅರವತ್ತು ಬಡವರು ಸಾಲುವುದಿಲ್ಲ ಎಂಬುದು ಪಾಪ ಅವಳಿಗೇನು ಗೊತ್ತು.

ಅವಳಿಗೆ ಈ ಬಸ್ಸು ಬೇಕೇ ಬೇಕಿತ್ತು. ಕಳಸದ ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ದಿನಗೂಲಿ ಆಯಾ. ಗಂಡ ಸತ್ತ ವರ್ಷ ಸೇರಿದ್ದು, ಮಾರ್ಚಿಗೆ ಹತ್ತು ವರ್ಷ ತುಂಬುತ್ತಿತ್ತು. ಹತ್ತು ತುಂಬಿದವರ ಹೆಸರನ್ನು ಖಾಯಂ ಮಾಡಲು ಕಳಿಸುತ್ತೇನೆಂದು ಡಾಕ್ಟರು ಮಾತು ಕೊಟ್ಟಿದ್ದರು. ಎಂಟೂವರೆಗೆ ಹಾಜರಿ ಪುಸ್ತಕ ಅವರ ಕೋಣೆಗೆ ಹೋಗಿಬಿಡುತ್ತಿತ್ತು, ಆಮೇಲೆ ಬಂದವರಿಗೆ ಆ ದಿನ ಗೈರುಹಾಜರಿ. ಅಷ್ಟರೊಳಗೆ ಕಳಸ ಮುಟ್ಟಿಸುವುದು ಬೆಳಗಿನ ಈ ಒಂದೇ ಬಸ್ಸು. ಜೀಪಿನವರು ಸೀಟು ತುಂಬದೆ ಹೊರಡುವವರಲ್ಲ, ಅದು ತುಂಬುವುದು ಹತ್ತು ಗಂಟೆಗೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಾಗ ಕಂಡಕ್ಟರ್ ನಿಜಾಮುದ್ದೀನನ ಮುಖದಲ್ಲಿ ಎಂದಿನ ನಗೆಯಿರಲಿಲ್ಲ.

"ನಿನ್ನೆ ಎಲ್ಲಿ ಹೋಗಿದ್ರಿ ಬಸಮ್ಮಕ್ಕ, ಊರಿಗೆ ಊರೇ?"

"ಈ ಬಸ್ಸಿಗೋಸ್ಕರಾನೇ ಹೋಗಿದ್ವಿ ನಿಜಾಮಣ್ಣ. ಮಂತ್ರಿ ಹತ್ರ."

ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ನಿನ್ನೆ ಇಬ್ರು ಆಫೀಸರ್ ಬಂದಿದ್ರು. ಜನ ಎಣಿಸೋಕೆ. ಬೆಳಿಗ್ಗೆ ಮೂರು ಜನ ಇದ್ರು, ಸಂಜೆ ಐದು. ದಿನಾ ಹೀಗಿರಲ್ಲ ಸಾರ್ ಅಂತ ಬಾಯಿ ಬಡ್ಕೊಂಡೆ. ಕಣ್ಣಿಗೆ ಕಂಡದ್ದನ್ನ ಬರೀತೀವಿ ಅಂದ್ರು."

ಬಸ್ಸಿನಲ್ಲಿದ್ದ ಮೂವತ್ತು ಜನಕ್ಕೂ ಅದು ಕೇಳಿಸಿತು. ಯಾರೂ ಬಸಮ್ಮನ ಮುಖ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಊರಿನ ಬಸ್ಸನ್ನು ತಾನೇ ಕೈಯಾರೆ ಖಾಲಿ ಮಾಡಿ ಕಳಿಸಿದೆನಲ್ಲ ಎಂದುಕೊಂಡು ಅವಳು ಹಿಂದಿನ ಸೀಟಿಗೆ ಹೋಗಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಎತ್ತದೆ ಹೇಳಿದರು. "ಹೇಳದೆ ಕೇಳದೆ ರಜಾ ಹಾಕಿದೀಯ. ಮಾರ್ಚ್ ಒಳಗೆ ಇನ್ನೊಂದು ದಿನ ತಪ್ಪಿದ್ರೂ ನಿನ್ನ ಹೆಸರು ಕಳಿಸೋದಿಲ್ಲ. ನಿನ್ನ ಜಾಗಕ್ಕೆ ಎಂಟು ಜನ ಕಾಯ್ತಿದಾರೆ."

ಆ ವಾರವೇ ಸರ್ಕಾರ ಬಿತ್ತು. ಹೊಸ ಸರ್ಕಾರದಲ್ಲಿ ಸಾರಿಗೆ ಖಾತೆ ತಮಗೇ ಬೇಕೆಂದು ಇಬ್ಬರು ಹಟ ಹಿಡಿದು ಕೂತರು. ಅರ್ಜಿ ಕೊಡೋಣವೆಂದರೆ ಮಂತ್ರಿಯೇ ಇಲ್ಲ. ಡಿಸೆಂಬರ್ ಒಂದರಿಂದ ಬಾಳೆಹಿತ್ಲು ಬಸ್ಸು ಇಲ್ಲವೆಂದು ದಾರಿಯಲ್ಲಿನ ಸಂಸೆ ಪೇಟೆಯಲ್ಲಿ ಚೀಟಿ ಅಂಟಿಸಿದರು. ಅದಕ್ಕೆ ಮಾತ್ರ ಯಾರ ಸಹಿಗೂ ಕಾಯಬೇಕಾಗಲಿಲ್ಲ.

ಶಶಿಧರ್ ಡಿಪೋಗೆ ಫೋನು ಮಾಡಿ ಮಾಡಿ ಕೊನೆಗೊಂದು ಮಾತು ಹೊರಡಿಸಿದರು. ನವೆಂಬರ್ ಮೂವತ್ತರ ಬೆಳಿಗ್ಗೆ ಮ್ಯಾನೇಜರೇ ಕಳಸದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತಾರೆ. ಬಸ್ಸು ತುಂಬಿ ಬಂದರೆ, ಈ ರೂಟು ಇರಲಿ ಎಂದು ಮೇಲಿನವರಿಗೆ ಇನ್ನೊಮ್ಮೆ ಬರೆದು ಕಳಿಸುತ್ತಾರೆ.

"ತುಂಬಿಸೋದು ನಿಂದೇ ಜವಾಬ್ದಾರಿ ಬಸಮ್ಮ" ಎಂದರು ಶಶಿಧರ್.

ಬಸಮ್ಮ ಮತ್ತೆ ಮನೆಮನೆ ಹತ್ತಿದಳು. ಯಾವ ಮುಖ ಹೊತ್ತು ಹೋಗಲಿ ಎಂದು ಅಳುಕುತ್ತಲೇ ಹೋದಳು. ಆದರೆ ಒಬ್ಬರೂ ಇಲ್ಲವೆನ್ನಲಿಲ್ಲ. "ನಂಗೆ ಕಳಸದಲ್ಲಿ ಎಂತ ಕೆಲ್ಸ ಮಾರಾಯ್ತಿ" ಎಂದು ರಾಗ ಎಳೆದ ರುಕ್ಮಿಣಮ್ಮನೂ, "ಹೋಗ್ಲಿ, ದೇವರಿಗೊಂದು ಕೈ ಮುಗಿದು ಬರ್ತೀನಿ" ಎಂದು ಒಪ್ಪಿದಳು.

ಮೂವತ್ತರ ಬೆಳಿಗ್ಗೆ ಬಸಮ್ಮ ಎಂದಿನಂತೆ ತೋಟದ ಗೇಟಿನ ಎದುರು ನಿಂತಳು. ತೋಟದ ಕೂಲಿಯವರ ಲೈನಿನಲ್ಲಿದ್ದ ಅವಳ ಮನೆಗೆ ಅದೇ ಹತ್ತಿರದ ನಿಲುಗಡೆ, ಊರಿನಿಂದ ಎರಡು ಮೈಲಿ ಮೇಲೆ, ಏರಿನ ನಟ್ಟನಡುವೆ. ಬಸ್ಸು ಕಾಣುವ ಮೊದಲೇ ಅದರ ನರಳಾಟ ಕೇಳಿಸಿತು. ತಿರುವಿನಲ್ಲಿ ಬಂದಾಗ ಅವಳ ಜೀವ ಹಿಗ್ಗಿತು. ಬಾಗಿಲಲ್ಲಿ ಜೋತುಬಿದ್ದವರೇ ಏಳೆಂಟು ಜನ, ಏಣಿಯ ಮೇಲೆ ನಾಲ್ವರು, ಕಿಟಕಿ ಕಿಟಕಿಗೂ ಮುಖಗಳು. ಇಷ್ಟು ತುಂಬಿದ ಬಸ್ಸನ್ನು ಆ ರಸ್ತೆ ಎಂದೂ ಕಂಡಿರಲಿಲ್ಲ.

ಅವಳು ಕೈ ಅಡ್ಡ ಹಿಡಿದಳು. ಬಸ್ಸು ನಿಧಾನವಾಗಲಿಲ್ಲ. ಸ್ಟೇರಿಂಗಿಗೆ ಎದೆಯೊತ್ತಿ ಕೂತಿದ್ದ ಡ್ರೈವರ್ ಚನ್ನಕೇಶವ ಅವಳನ್ನು ನೋಡಿ ಬೇಡವೆಂಬಂತೆ ತಲೆಯಾಡಿಸಿದ.

"ಇಲ್ಲಿ ನಿಲ್ಸಿದ್ರೆ ಮತ್ತೆ ಎತ್ತೋದಿಲ್ಲಕ್ಕ! ಲೋಡು ಜಾಸ್ತಿ!" ಜನರ ತೋಳುಗಳ ಸಂದಿಯಿಂದ ನಿಜಾಮುದ್ದೀನ್ ಕೂಗಿದ. "ಮೇಲೆ ಮಟ್ಟದಲ್ಲಿ ನಿಲ್ಲಿಸ್ತೀವಿ, ಓಡಿ ಬಾ!"

ಏರು ಮುಗಿದು ರಸ್ತೆ ಮಟ್ಟವಾಗುತ್ತಿದ್ದದ್ದು ಇನ್ನೂ ಅರ್ಧ ಮೈಲಿ ಮೇಲೆ. ಬಸಮ್ಮ ಸೀರೆ ಎತ್ತಿ ಕಟ್ಟಿ ಓಡಿದಳು. ಎರಡನೇ ತಿರುವಿಗೆ ಉಸಿರು ಕಟ್ಟಿತು, ಮೂರನೆಯದಕ್ಕೆ ಕಾಲು ಸೋತವು. ಮೇಲಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವಳನ್ನೇ ಕರೆಯುತ್ತಿತ್ತು, ಎರಡು ಸಲ, ಮೂರು ಸಲ. ಕೂಗಿ ಹೇಳೋಣವೆಂದರೆ ದನಿ ಹೊರಡಲಿಲ್ಲ. ಆಮೇಲೆ ಗೇರು ಬಿದ್ದ ಸದ್ದು ಬಂತು. ಇನ್ನು ಜೀಪು ತುಂಬುವುದು ಹತ್ತಕ್ಕೆ, ಹಾಜರಿ ಪುಸ್ತಕ ಹೋಗುವುದು ಎಂಟೂವರೆಗೆ.

ಎದುರಿನ ಗುಡ್ಡದ ರಸ್ತೆಯಲ್ಲಿ ಬಸ್ಸು ಮತ್ತೊಮ್ಮೆ ಕಾಣಿಸಿತು. ಒಂದೇ ಕಡೆ ವಾಲಿಕೊಂಡು ಹೋಗುತ್ತಿತ್ತು. ಕೆಳಗೆ ಒಂಟಿಯಾಗಿ ನಿಂತವಳನ್ನು ಅದರಲ್ಲಿದ್ದವರು ಯಾರೋ ಗುರುತಿಸಿರಬೇಕು. ಒಂದು ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು. ಅದನ್ನು ನೋಡಿ ಇನ್ನೊಂದು, ಮತ್ತೊಂದು. ಬಸ್ಸು ಮರೆಯಾಗುವವರೆಗೂ ಊರೆಲ್ಲ ಅವಳಿಗೆ ಖುಷಿಯಿಂದ ಕೈ ಬೀಸುತ್ತಲೇ ಇತ್ತು.