ಬ್ಯಾರಿಟೋನ್‌ನವರ ಇಷ್ಟ

"ಅಪ್ಪಾ, ಮತ್ತ ಊದಿದಿ ನೋಡು!"

ಪ್ರಿಯಾ ತನ್ನ ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದು ಕುರ್ಚಿಗೆ ಒರಗಿದಳು. ಪಕ್ಕೀರಪ್ಪ ತನ್ನ ಎದೆಯ ಮೇಲೆ ತೂಗುತ್ತಿದ್ದ ದೊಡ್ಡ ಬ್ಯಾರಿಟೋನ್ ಸ್ಯಾಕ್ಸೋಫೋನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ತಪ್ಪು ತನ್ನದಲ್ಲ, ಈ ಹಿತ್ತಾಳೆಯದು ಎನ್ನುವ ಮುಖ.

"ನಾ ಎಲ್ಲಿ ಊದೀನವ್ವ? ಅದಾ ಬಂತು."

"ಅದಾ ಬರಾಕ ಅದೇನು ಆಕಳಿಕಿ ಏನು?" ಎಂದ ಮಗ ಕ್ರಾಂತಿಕುಮಾರ. ಪಕ್ಕದಲ್ಲಿದ್ದ ಅವನ ಗೆಳೆಯ ಗಂಗಾಧರ ನಗು ತಡೆಯಲಾರದೆ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ.

ಕೊಟ್ಟೂರಿನ ಅಂಬೇಡ್ಕರ್ ಭವನದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಬಾಗಿದ ಸಾಲಿನಲ್ಲಿ ಹಾಕಿಕೊಂಡು ನಾಲ್ವರೂ ಕೂತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪ್ರಿಯಾಳದು ಸ್ಯಾಕ್ಸೋಫೋನುಗಳಲ್ಲೇ ಸಣ್ಣದು, ನೆಟ್ಟಗಿನ ಸೊಪ್ರಾನೊ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಕ್ರಾಂತಿಕುಮಾರನದು ಆಲ್ಟೊ, ಔಷಧಿ ಅಂಗಡಿಯ ಗಂಗಾಧರನದು ಟೆನರ್. ಎಲ್ಲಕ್ಕಿಂತ ದೊಡ್ಡದು, ಎಮ್ಮೆಯಂಥ ದನಿಯ ಬ್ಯಾರಿಟೋನ್, ಪಕ್ಕೀರಪ್ಪನ ಪಾಲಿಗೆ ಬಂದಿತ್ತು. ಬಸ್ಸು ಹತ್ತಿದರೆ ಅದನ್ನು ಕಿಟಕಿ ಪಕ್ಕ ಕೂರಿಸಿ ತಾನು ಈಚೆ ಸೀಟಿನಲ್ಲಿ ಕೂರುತ್ತಿದ್ದ.

ಕೂಡ್ಲಿಗಿಯಿಂದ ಹಡಗಲಿಯ ತನಕ ಪಕ್ಕೀರಪ್ಪನ ಬ್ಯಾಂಡ್ ಸೆಟ್ ಇಲ್ಲದೆ ಮದುವೆಗಳು ನಡೆಯದ ಕಾಲವೊಂದಿತ್ತು. ಮಕ್ಕಳಿಬ್ಬರೂ ಊದುವುದನ್ನು ಕಲಿತದ್ದು ಅಲ್ಲೇ, ಮಂಟಪದ ಗೇಟಿನ ಬಳಿ ನಿಂತು. ಒಳಗೆ ವೇದಿಕೆ ಹತ್ತುವ ಪ್ರಶ್ನೆಯೇ ಇರಲಿಲ್ಲ. ಹೊರಗೆ ನಿಂತೇ ಊದಬೇಕು, ಕಡೆಯ ಪಂಕ್ತಿಯಲ್ಲಿ ಉಣ್ಣಬೇಕು, ಯಜಮಾನರು ಕೈ ಎತ್ತಿ ಬೆರಳು ತಿರುಗಿಸಿದರೆ ಹಾಡು ಬದಲಿಸಬೇಕು. ಪ್ರಿಯಾಗೆ ಇದನ್ನೆಲ್ಲ ನೆನೆದರೆ ಈಗಲೂ ಮೈ ಉರಿಯುತ್ತದೆ. ಫೋನಿನಲ್ಲಿ ಯಾವುದೋ ದೇಶದ ನಾಲ್ವರು ಬರೀ ಸ್ಯಾಕ್ಸೋಫೋನ್ ಹಿಡಿದು, ಕೂತು, ತಮಗಾಗಿಯೇ ಬರೆಸಿದ ಸಂಗೀತ ನುಡಿಸುವುದನ್ನು ಕಂಡ ದಿನವೇ ಅವಳು ಹಟ ಹಿಡಿದಳು. ನಾವೂ ನಾಲ್ವರೇ, ಕೂತೇ ನುಡಿಸೋಣ, ಹೊಸದಾಗಿ ಬರೆಸಿದ್ದನ್ನಷ್ಟೇ ನುಡಿಸೋಣ. ಸಿನಿಮಾ ಹಾಡು ಬೇಡವೇ ಬೇಡ.

"ಯಾರು ಕೇಳ್ತಾರವ್ವ ಅದನ್ನ?" ಎಂದು ಪಕ್ಕೀರಪ್ಪ ಆಗ ಕೇಳಿದ್ದ.

"ಮೊದಲು ನಾವು ಕೇಳೋಣ."

ಬರೆದುಕೊಟ್ಟವಳು ಚಂದನಾ. ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಸಂಗೀತದ ಟೀಚರು, ಉಚ್ಚಂಗಿದುರ್ಗದ ಕುರಿ ಸಾಕುವ ಮನೆಯ ಹುಡುಗಿ. ಕೃತಿಗೆ 'ನಿಂತ ಹಿಂಡು' ಎಂದು ಹೆಸರಿಟ್ಟಿದ್ದಳು. ಹಾಳೆಗಳನ್ನು ಹರವಿಕೊಂಡು ಭವನದ ನೆಲದ ಮೇಲೆ ಕೂತು ಪಕ್ಕೀರಪ್ಪನಿಗೇ ಎಂಬಂತೆ ವಿವರಿಸಿದ್ದಳು.

"ಕುರಿ ಮೇಯೋವಾಗ ಗಂಟಿ ಸಪ್ಪಳ ಆಗ್ತಾನ ಇರತೈತ್ರಿ ಮಾಸ್ಟರ್ರೇ. ತೋಳದ ವಾಸನಿ ಬಂತು ಅಂದ್ರ ಅಷ್ಟೂ ತಲಿ ಎತ್ತಿ ನಿಂತುಬಿಡ್ತಾವ. ಒಂದು ಗಂಟಿ ಅಲ್ಲಾಡಂಗಿಲ್ಲ. ಆಮ್ಯಾಲೆ ಯಾವುದಾರ ಒಂದು ಹಳೇ ಟಗರು ಮೊದಲ ಹೆಜ್ಜಿ ಇಡತೈತಿ. ಆ ಟಗರು ನೀವು."

ಟಗರು ಎನಿಸಿಕೊಂಡದ್ದಕ್ಕೆ ಪಕ್ಕೀರಪ್ಪನಿಗೆ ಖುಷಿಯೋ ಖುಷಿ. "ಎಷ್ಟೊತ್ತು ಗಪ್ಪಗಿರಬೇಕವ್ವ?"

"ಅದನ್ನ ನಾ ಹೇಳಂಗಿಲ್ರಿ. ನಿಮಗ ಬಿಟ್ಟದ್ದು."

ಹಾಳೆಯಲ್ಲಿ ಆ ಮೌನದ ಜಾಗದ ಮೇಲೆ ಅವಳು ಹಾಗೆಯೇ ಬರೆದಿದ್ದಳು: ಬ್ಯಾರಿಟೋನ್‌ನವರ ಇಷ್ಟ. ಪಕ್ಕೀರಪ್ಪ ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿಕೊಂಡು ಮತ್ತೆ ಓದಿದ. ಅಂದು ಸಂಜೆ ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಕಂಡಕಂಡವರಿಗೆಲ್ಲ ಒಂದೇ ಮಾತು. "ಇಷ್ಟು ವರ್ಷ ಊರ ಮಂದಿ ಹಾಡು ಊದಿದೆ. ನನಗಂತ ಒಂದು ಸ್ವರ ಯಾರೂ ಬರದು ಕೊಟ್ಟಿದ್ದಿಲ್ಲ. ಈಗ ಬರದಾರ ನೋಡ್ರಿ."

ಆದರೆ ಆ ಜಾಗ ಬಂದಾಗೆಲ್ಲ ಅವನಿಂದ ಸುಮ್ಮನಿರಲು ಆಗುತ್ತಿರಲಿಲ್ಲ. ಉಳಿದ ಮೂವರು ನಿಲ್ಲಿಸಿದ ಮರುಕ್ಷಣವೇ ಬ್ಯಾರಿಟೋನ್ ಗುಂಯ್ ಎನ್ನುತ್ತಿತ್ತು. ಬ್ಯಾಂಡಿನವರಿಗೆ ಸದ್ದು ನಿಲ್ಲುವುದೆಂದರೆ ಅಪಶಕುನ. ತಾಳಿ ಕಟ್ಟುವ ಹೊತ್ತಿಗೆ ಯಾರದೋ ಸೀನು, ಕೆಮ್ಮು, ಬೇಡದ ಮಾತು ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ ಊದಿಸುವುದು. ಬಹಳ ಹಿಂದೆ, ಹರಪನಹಳ್ಳಿಯ ಗುರುಸಂಗಪ್ಪನವರ ಮಗಳ ಮದುವೆಯಲ್ಲಿ, ಸರಿಯಾಗಿ ಆ ಗಳಿಗೆಯಲ್ಲೇ ಪಕ್ಕೀರಪ್ಪನ ವಾದ್ಯದ ಬಾಯಿಗಿದ್ದ ತೆಳು ಪಟ್ಟಿ, ರೀಡು, ಸೀಳಿಹೋಗಿ, ಉಳಿದವರೂ ತಬ್ಬಿಬ್ಬಾಗಿ, ಸದ್ದು ನಿಂತುಬಿಟ್ಟಿತ್ತು. ಆ ನಿಶ್ಶಬ್ದದಲ್ಲಿ ಯಾರೋ ಅಕ್ಷೀ ಎಂದರು. ಗುರುಸಂಗಪ್ಪನವರು ಅಷ್ಟು ಜನರ ಎದುರು ಗೇಟಿನ ತನಕ ಬಂದು, "ಬಾಯಿ ಮುಚ್ಕೊಂಡು ನಿಲ್ಲಾಕೇನಲೇ ನಿನ್ನ ಕರೆಸಿದ್ದು?" ಎಂದಿದ್ದರು. ಅಪ್ಪನ ಪಕ್ಕದಲ್ಲಿ ಜಲ್ಲರಿ ತಾಳ ಹಿಡಿದು ನಿಂತಿದ್ದ ಪುಟ್ಟ ಪ್ರಿಯಾ ಅದನ್ನು ಕೇಳಿಸಿಕೊಂಡಿದ್ದಳು. ಮದುಮಕ್ಕಳು ಈಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಹತ್ತಿರವಾಗಿ ಸುಖವಾಗಿದ್ದಾರೆ, ಅದು ಬೇರೆ ಮಾತು. ಪಕ್ಕೀರಪ್ಪ ಮಾತ್ರ ಅಂದಿನಿಂದ ಸದ್ದು ನಿಲ್ಲಲು ಬಿಟ್ಟವನಲ್ಲ.

ಈಗ ನಾಲ್ವರಿಗೂ ಮೊದಲ ವೇದಿಕೆ ಸಿಕ್ಕಿದ್ದು ಅದೇ ಗುರುಸಂಗಪ್ಪನವರ ಕಲ್ಯಾಣ ಮಂಟಪದಲ್ಲಿ. ಹರಪನಹಳ್ಳಿಯ ಕಲಾ ಸಮಿತಿಗೆ ಅವರೇ ಅಧ್ಯಕ್ಷರು. ಕೆಟ್ಟ ಮನುಷ್ಯರೇನಲ್ಲ. ಪ್ರಿಯಾ ಕೇಳಲು ಹೋದಾಗ ಕುರ್ಚಿ ಕೊಟ್ಟು, ಚಹಾ ತರಿಸಿ, ತಕ್ಷಣ ಒಪ್ಪಿದ್ದರು.

"ಆಗಲಮ್ಮ, ನಿಮ್ಮ ಹೊಸಾದು ಏನೈತೋ ಊದ್ರಿ. ನಡುವ ನನ್ನ ಹಾಡು ಒಂದು ಬರಬೇಕು, ಮದುವ್ಯಾಗೆಲ್ಲ ನಿಮ್ಮಪ್ಪ ನನಗಂತ ಊದ್ತಿದ್ದನಲ್ಲ, ಆ ಸಿನಿಮಾ ಹಾಡು."

"ಇಲ್ಲ ಸರ್. ನಾವು ಬರೆಸಿದ್ದು ಮಾತ್ರ ನುಡಿಸ್ತೀವಿ."

ಗುರುಸಂಗಪ್ಪನವರು ನಕ್ಕರು. "ನೀನು ಹಂಗ ಅಂತಿ. ನಿಮ್ಮಪ್ಪ ನನಗ ಗೊತ್ತಿಲ್ಲೇನು? ನಾ ಕೈ ಎತ್ತಿದ್ರ ಸಾಕು, ಊದ್ತಾನ."

ಪ್ರಿಯಾ ಚಹಾ ಕುಡಿಯದೆ ಎದ್ದು ಬಂದಳು. ಮನೆಗೆ ಬಂದು ಅಪ್ಪನಿಗೆ ಆ ಮಾತನ್ನು ಇದ್ದದ್ದು ಇದ್ದಂತೆ ಹೇಳಿದಳು. ಪಕ್ಕೀರಪ್ಪ ಬಟ್ಟೆಯಿಂದ ಬ್ಯಾರಿಟೋನಿನ ಬೆರಳಿಡುವ ಕೀಲಿಗಳನ್ನು ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ.

"ಅವರು ಕೈ ಎತ್ತಿದ್ರ ಏನು ಮಾಡ್ತಿ?"

"ನನಗೇನು ಗೊತ್ತವ್ವ? ಈ ಬೆರಳು ನನ್ನ ಮಾತು ಕೇಳಿದ್ರ ಆತು."

"ಆ ಹಾಡು ಊದಿದ್ರ ನಾವು ಮತ್ತ ಗೇಟಿನ ಬ್ಯಾಂಡಿನವರಾ, ಅಪ್ಪಾ. ಮತ್ತ ಯಾರೂ ನಮಗ ಬರದು ಕೊಡಂಗಿಲ್ಲ. ನಾನೂ ಕೇಳಂಗಿಲ್ಲ."

ಪಕ್ಕೀರಪ್ಪ ಬಟ್ಟೆ ಮಡಿಚಿ ಬ್ಯಾರಿಟೋನನ್ನು ಪೆಟ್ಟಿಗೆಯಲ್ಲಿಟ್ಟ.

ಕಾರ್ಯಕ್ರಮದ ಸಂಜೆ ಮಂಟಪದ ಮುಂದೆ ಎಲ್ಲರೂ ಆಟೋ ಇಳಿದರು. ಮೂವರು ಒಳಗೆ ಹೋಗಿ ನೋಡಿದರೆ ಪಕ್ಕೀರಪ್ಪ ಇಲ್ಲ. ಪ್ರಿಯಾ ಹಿಂದಿರುಗಿ ಬಂದಳು. ಅವನು ಗೇಟಿನ ಕಮಾನಿನ ಕೆಳಗೆ, ಎಡಗಡೆ, ಬ್ಯಾರಿಟೋನ್ ನೇತುಹಾಕಿಕೊಂಡು ನಿಂತಿದ್ದ. ಕಾಲುಗಳು ತಾವಾಗಿ ಅಲ್ಲಿಗೇ ಹೋಗಿ ನಿಂತಿದ್ದವು.

"ಅಪ್ಪಾ, ಒಳಗ."

"ಹ್ಞಾಂ, ಹ್ಞಾಂ," ಎಂದು ನಾಚಿಕೊಂಡು ಅವಳ ಹಿಂದೆ ನಡೆದ.

ವೇದಿಕೆಯ ಮೇಲೆ ಕೂತಾಗ ಸಭೆ ಸಾಕಷ್ಟು ತುಂಬಿತ್ತು. ಮುಂದಿನ ಸೋಫಾದಲ್ಲಿ ಬಿಳಿ ಪಂಚೆಯ ಗುರುಸಂಗಪ್ಪನವರು. ಹಿಂದಿನ ಸಾಲಿನಲ್ಲಿ ಚಂದನಾ, ಕುರಿ ಕಾಯುವ ತನ್ನಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಸೊಪ್ರಾನೊ ಮತ್ತು ಆಲ್ಟೊ ಸಣ್ಣ ಸಣ್ಣ ಸ್ವರಗಳನ್ನು ಚೆಲ್ಲುತ್ತ ಹೊರಟವು, ಟೆನರ್ ಜೊತೆಗೂಡಿತು, ಬ್ಯಾರಿಟೋನ್ ಕೆಳಗಿನಿಂದ ಗುರುಗುಟ್ಟಿತು. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದರಲ್ಲಿ ಪಲ್ಲವಿ ಎಲ್ಲಿ, ಹಾಡು ಎಲ್ಲಿ? ಇಬ್ಬರು ಎದ್ದು ಹೋದರು. ಪ್ರಿಯಾ ಇನ್ನಷ್ಟು ಗಟ್ಟಿಯಾಗಿ ಊದಿದಳು. ಹೋಗುವವರು ಹೋಗಲಿ ಎನ್ನುವ ಹಟ ಅವಳ ಕೆನ್ನೆಯಲ್ಲಿ ಉಬ್ಬಿ ಕಾಣುತ್ತಿತ್ತು. ಸ್ವರಗಳು ಒತ್ತೊತ್ತಾಗಿ ನುಗ್ಗಿ, ಒಂದರ ಮೇಲೊಂದು ಬಿದ್ದು, ಒಮ್ಮೆಗೇ ನಿಂತವು.

ನಿಶ್ಶಬ್ದ. ಫ್ಯಾನಿನ ಸದ್ದಷ್ಟೇ.

ಬ್ಯಾರಿಟೋನ್ ಗುಂಯ್ ಎನ್ನಲಿಲ್ಲ. ಪ್ರಿಯಾ ಕಣ್ಣಂಚಿನಿಂದ ಅಪ್ಪನನ್ನು ನೋಡಿದಳು. ಅಷ್ಟರಲ್ಲಿ ಗುರುಸಂಗಪ್ಪನವರ ಬಲಗೈ ಮೇಲೆದ್ದಿತು. ಬೆರಳು ಗಾಳಿಯಲ್ಲಿ ಒಂದು ಸುತ್ತು ತಿರುಗಿತು.

"ಪಕ್ಕೀರಾ, ಸಾಕಪ್ಪ ಇದು. ನನ್ನ ಹಾಡು ಬರಲಿ."

ಸಭೆಗೆ ಜೀವ ಬಂತು. ಯಾರೋ ಶಿಳ್ಳೆ ಹಾಕಿದರು. ಪಕ್ಕೀರಪ್ಪನ ಬೆರಳುಗಳು ಕೀಲಿಗಳ ಮೇಲೆ ಸರಸರನೆ ಸರಿದು ಒಂದು ಹಿಡಿತಕ್ಕೆ ಬಂದು ಕೂತವು. ಆ ಹಾಡಿನ ಮೊದಲ ಸ್ವರದ ಹಿಡಿತ. ಎಷ್ಟು ಮದುವೆಗಳಲ್ಲಿ ಅದನ್ನು ಕಂಡಿದ್ದಳೋ ಪ್ರಿಯಾ. ಮುಗಿಯಿತು ಎಂದುಕೊಂಡಳು. ಅಳು ಬಂತು, ಅಪ್ಪನ ಮೇಲೆ ಸಿಟ್ಟೂ ಬಂತು.

ಪಕ್ಕೀರಪ್ಪ ಬಾಯಿಯನ್ನು ರೀಡಿನ ತನಕ ತಂದ. ಎದುರಿನ ಸ್ಟ್ಯಾಂಡಿನ ಮೇಲಿದ್ದ ಹಾಳೆಯನ್ನು ನೋಡಿದ. ಆಮೇಲೆ ಒಂದೊಂದಾಗಿ ಬೆರಳುಗಳನ್ನು ಕೀಲಿಗಳಿಂದ ಎತ್ತಿದ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ತಲೆ ಎತ್ತಿ, ಗುರುಸಂಗಪ್ಪನವರನ್ನೇ ನೋಡುತ್ತ ಕೂತ.

"ಏನಪ್ಪ, ಕೇಳಿಸಲಿಲ್ಲೇನು?"

ಪಕ್ಕೀರಪ್ಪ ಕದಲಲಿಲ್ಲ. ಕ್ರಾಂತಿಕುಮಾರ, ಗಂಗಾಧರ, ಪ್ರಿಯಾ, ಮೂವರೂ ಅವನಂತೆಯೇ ತಲೆ ಎತ್ತಿ ಕೂತರು. ಶಿಳ್ಳೆ ನಿಂತಿತು. ಗುಸುಗುಸು ನಿಂತಿತು. ಚಂದನಾಳ ಪಕ್ಕದಲ್ಲಿ ಅವಳಪ್ಪ ತನಗೇ ಗೊತ್ತಿಲ್ಲದಂತೆ ಉಸಿರು ಬಿಗಿಹಿಡಿದಿದ್ದ. ಬಸ್ಸೊಂದು ನಿಂತು ಜನರನ್ನೆಲ್ಲ ಇಳಿಸಿ ಹೊರಡುವಷ್ಟು ಹೊತ್ತಾಯಿತು. ಹಿಂದೆಲ್ಲೋ ಯಾರೋ ಅಕ್ಷೀ ಎಂದು ಸೀನಿದರು. ಯಾರಿಗೂ ಏನೂ ಆಗಲಿಲ್ಲ.

ಗುರುಸಂಗಪ್ಪನವರ ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಏನು ಮಾಡಬೇಕೆಂದು ಅವರಿಗೇ ತಿಳಿಯದಂತಿತ್ತು. ಮೊದಲು ಬೆರಳು ಮಡಿಚಿಕೊಂಡಿತು. ಆಮೇಲೆ ಮೊಣಕೈ ಸಡಿಲವಾಯಿತು. ಕೈ ಮೆಲ್ಲಗೆ, ಬಹಳ ಮೆಲ್ಲಗೆ, ಇಳಿದು ಬಂದು ಪಂಚೆಯ ಮೇಲೆ ಕೂತಿತು.

ಅದು ಪೂರ್ತಿ ಇಳಿಯುವ ತನಕ ಪಕ್ಕೀರಪ್ಪ ಕಾದ. ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಬ್ಯಾರಿಟೋನನ್ನು ಹತ್ತಿರಕ್ಕೆ ಎಳೆದುಕೊಂಡು, ಚಂದನಾ ಬರೆದ ಸ್ವರಕ್ಕೆ ಬೆರಳಿಟ್ಟು, ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಸಿರು ತೆಗೆದುಕೊಂಡ.