ಬಟನ್ ಡಬ್ಬಿಯ ರೋಟರ್

ಶವದ ವ್ಯಾನಿನ ಡ್ರೈವರ್ ಗುಡ್ಡದ ದಾರಿಯನ್ನು ಒಮ್ಮೆ ನಡೆದು ನೋಡಿ, ಪ್ಯಾಂಟಿನ ಧೂಳು ಕೊಡವುತ್ತ ಅಂಗಳಕ್ಕೆ ವಾಪಸಾದ.

"ಮೊದಲನೇ ತಿರುವಲ್ಲೇ ಕಲ್ಲೆಲ್ಲ ಎದ್ದಿದೆ. ನನ್ನ ಗಾಡಿ ಹತ್ತಲ್ಲ. ಬೇರೆ ಏನಾದ್ರೂ ನೋಡ್ಕೊಳ್ಳಿ," ಎಂದ.

ಅಂಗಳದಲ್ಲಿದ್ದವರೆಲ್ಲ ಶೆಡ್ಡಿನ ಕಡೆ ತಿರುಗಿದರು. ಅಲ್ಲಿ ನಿಂತಿದ್ದ ಹಳೇ ಜೀಪಿಗೆ ಹಟಮಾರಿ ಎಂದು ಹೆಸರು. ಮೂವತ್ತು ವರ್ಷಗಳಿಂದ ಆ ಬೀದಿಯಲ್ಲಿ ಯಾರೇ ಸತ್ತರೂ ಗುಡ್ಡದ ಮೇಲಿನ ಸ್ಮಶಾನಕ್ಕೆ ಶವಪೆಟ್ಟಿಗೆ ಸಾಗಿಸಿದ್ದು ಅದೇ, ಓಡಿಸಿದ್ದು ಗಾಡಿ ರಿಪೇರಿಯ ಮೇಸ್ತ್ರಿಯೇ. ಇವತ್ತು ಮೇಸ್ತ್ರಿಯೇ ಒಳಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದ. ಹಟಮಾರಿಯೋ, ಮೂರು ತಿಂಗಳಿಂದ ಒಮ್ಮೆಯೂ ಸ್ಟಾರ್ಟ್ ಆಗಿರಲಿಲ್ಲ. ಪುಣ್ಯಕ್ಕೆ ಈ ಮೂರು ತಿಂಗಳಲ್ಲಿ ಬೀದಿಯಲ್ಲಿ ಯಾರೂ ಸತ್ತಿರಲಿಲ್ಲ.

"ಮೇಸ್ತ್ರಿಗೇ ಬಗ್ಗಲಿಲ್ಲ ಅದು," ಎಂದರು ಪಕ್ಕದ ಮನೆಯ ಟೀಚರ್. "ಪಾಪ, ದಿನಾ ಬಾನೆಟ್ಟಿನೊಳಗೆ ತಲೆ ತೂರಿಸ್ಕೊಂಡು ನಿಂತಿರ್ತಿದ್ರು. ಕೊನೆಗಾಲದಲ್ಲಿ ಕೈಯಲ್ಲಿದ್ದ ವಿದ್ಯೆಯೂ ಕೈಕೊಡ್ತು."

ಮೇಸ್ತ್ರಿಯ ಮಗಳಿಗೆ ಆ ಮಾತು ಎದೆಗೇ ನಾಟಿತು. ಟೀಚರ್ ಕೆಟ್ಟವರಲ್ಲ, ಕಂಡದ್ದನ್ನು ಹೇಳಿದ್ದರು. ಆದರೆ ಜೀಪಿಗೇನಾಗಿದೆ ಎಂದು ಬಲ್ಲವಳು ಇಡೀ ಅಂಗಳದಲ್ಲಿ ತಾನೊಬ್ಬಳೇ ಎಂದು ಮಗಳು ತಿಳಿದಿದ್ದಳು.

"ಅರ್ಧ ಗಂಟೆ ಕೊಡಿ. ನಾನು ನೋಡ್ತೀನಿ," ಎಂದಳು.

"ಐದಕ್ಕೆ ಸ್ಮಶಾನದ ಗೇಟು ಹಾಕ್ತಾರಮ್ಮ. ಈಗಲೇ ನಾಲ್ಕಾಗ್ತಾ ಬಂತು," ಎಂದ ಡ್ರೈವರ್.

ಅವಳು ಒಳಹೋಗಿ ಹೊಲಿಗೆ ಮಿಷಿನ್ನಿನ ಡ್ರಾಯರ್ ಎಳೆದಳು. ಬಟನ್ ಡಬ್ಬಿಯ ತಳದಲ್ಲಿ, ಬಿಳಿ ಬಟನ್ನುಗಳ ಅಡಿಯಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ತುಂಡೊಂದಿತ್ತು. ಅದೇ ಹಟಮಾರಿಯ ರೋಟರ್. ಗಿರಗಿರ ತಿರುಗುತ್ತ ನಾಲ್ಕೂ ಪ್ಲಗ್ಗಿಗೆ ಸರದಿಯ ಮೇಲೆ ಕಿಡಿ ಹಂಚುವುದು ಅದರ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಎಷ್ಟು ಹೊತ್ತು ತಿರುಗಿಸಿದರೂ ಹೊತ್ತಿಕೊಳ್ಳುವುದಿಲ್ಲ.

*

ಮೂರು ತಿಂಗಳ ಹಿಂದೆ ಗುಡ್ಡದ ತಿರುವಿನಲ್ಲಿ ಅಪ್ಪ ಸ್ಟೀರಿಂಗ್ ಹಿಡಿದಿದ್ದ ಹಾಗೆಯೇ ಕಣ್ಣು ಕತ್ತಲೆಗಟ್ಟಿ ಒರಗಿದ್ದ. ಜೀಪು ಬಂಡೆಗೆ ತಾಗಿ ನಿಂತಿತು, ಇಲ್ಲದಿದ್ದರೆ ಕೆಳಗೆ ಶಾಲೆಯ ಮೈದಾನ. ಡಾಕ್ಟರು ಕ್ಲಿನಿಕ್ಕಿನ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಬರೆದುಕೊಟ್ಟರು. ಅಪ್ಪ ಕಾರ್ಡನ್ನು ಜೇಬಿಗಿಳಿಸಿದ. ಮರುದಿನ ಬೆಳಿಗ್ಗೆ ಜೀಪು ಏನೂ ಆಗದ ಹಾಗೆ ಗುರುಗುಟ್ಟುತ್ತಿತ್ತು.

"ನಿನಗೆ ಜೀವ ಬೇಡವಾ ಅಪ್ಪಾ?"

"ಜೀಪು ಬಿಟ್ಟು ಜೀವ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?"

ಕೀಲಿ ಬಚ್ಚಿಟ್ಟರೆ ಎರಡು ವೈರು ಜೋಡಿಸಿ ಹೊರಡುವ ಆಸಾಮಿ ಅವನು. ಹಾಗಾಗಿ ಅವಳು ರೋಟರನ್ನೇ ಕಿತ್ತು ಡಬ್ಬಿಗೆ ಹಾಕಿದಳು.

"ಕಿಡಿ ಬರ್ತಿಲ್ಲ ಕಣೇ," ಎಂದ ಅಪ್ಪ ಮರುದಿನ.

ಇನ್ನೇನು ಬಂದು ಕೈ ಚಾಚುತ್ತಾನೆ ಎಂದು ಅವಳು ಜಗಳಕ್ಕೆ ಮಾತುಗಳನ್ನೆಲ್ಲ ಹೊಂದಿಸಿಕೊಂಡು ಕಾದಳು. ಅವನು ಬರಲಿಲ್ಲ. ಪ್ಲಗ್ಗು ಉಜ್ಜಿದ, ವೈರು ಒರೆಸಿದ, ವಾರ ಕಳೆಯಿತು, ತಿಂಗಳೂ ಕಳೆಯಿತು. ರೋಟರನ್ನು ಮುಚ್ಚಿರುವ ಕ್ಯಾಪಿನ ಎರಡು ಕ್ಲಿಪ್ಪು ಬಿಚ್ಚಿದರೆ ಕಣ್ಣಿಗೆ ರಾಚುವಂಥ ದೋಷ ಅದು. ಎಳವೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಕಲಿಸಿದವನೂ ಅವನೇ: "ಕಿಡಿ ಇಲ್ಲ ಅಂದ್ರೆ ಗಾಬರಿ ಬೀಳ್ಬೇಡ. ಪ್ಲಗ್ಗಿಂದ ಹಿಂದೆ ಹಿಂದೆ ನಡ್ಕೊಂಡು ಹೋಗು. ಎಲ್ಲಿ ತಪ್ಪಿಸ್ಕೊಂಡಿದೆಯೋ ಅಲ್ಲಿ ಸಿಕ್ಕೇ ಸಿಗುತ್ತೆ."

ಅಪ್ಪನ ತಲೆ ಮಂಕಾಗಿದೆ ಎಂದು ಅವಳಿಗೆ ಖಾತ್ರಿಯಾಯಿತು. ಎಷ್ಟೋ ಸಲ ಡಬ್ಬಿ ತೆರೆದಳು. ಕೊಟ್ಟರೆ ಗುಡ್ಡದಿಂದ ಉರುಳುತ್ತಾನೆ, ಕೊಡದಿದ್ದರೆ ತಾನು ಸೋತೆ ಎಂದುಕೊಂಡೇ ಸಾಯುತ್ತಾನೆ. ಅವಳು ಡಬ್ಬಿ ಮುಚ್ಚಿದಳು. ನಿನ್ನೆ ಬೆಳಿಗ್ಗೆ ಅಪ್ಪ ಏಳಲಿಲ್ಲ.

*

ಅವಳು ಬಾನೆಟ್ ಎತ್ತಿ ಕ್ಲಿಪ್ಪು ಬಿಚ್ಚಿ ಕ್ಯಾಪ್ ಸರಿಸಿದಳು. ಒಳಗೆ ರೋಟರ್ ಇತ್ತು.

ಹೊಳೆಯುವ ಹೊಸ ರೋಟರ್. ಅವಳು ತನ್ನ ಮುಷ್ಟಿ ಬಿಚ್ಚಿ ನೋಡಿದಳು. ಹಳೆಯದು ಅಲ್ಲೇ ಇತ್ತು.

"ಪೇಂಟರ್ ಮಾಮಾ," ಎಂದು ಕರೆದಳು. ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆದು ಮುದುಕನಾದವನು ಅವನೊಬ್ಬನೇ. "ಇದನ್ನ ಯಾರು ತಂದ್ರು?"

ಪೇಂಟರ್ ಬಗ್ಗಿ ನೋಡಿ, ಹೆಗಲ ಟವೆಲಿನಿಂದ ಮೂಗೊರೆಸಿಕೊಂಡ. "ನಾನೇ ತಂದ್ಕೊಟ್ಟೆ. ನೀನು ಕಿತ್ತೆಯಲ್ಲ, ಅದರ ಮರುದಿನವೇ."

"ಅಂದ್ರೆ ಅಪ್ಪನಿಗೆ ಗೊತ್ತಿತ್ತಾ?"

"ಕಾಲು ಗಂಟೆ ಹಿಡೀಲಿಲ್ಲ ಅವನಿಗೆ. ಬಿದ್ದೂ ಬಿದ್ದೂ ನಕ್ಕ. 'ನನ್ನ ಮಗಳು ಕೀಲಿ ಕದಿಯೋ ದಡ್ಡಿ ಅಲ್ಲ, ಸರಿಯಾದ್ದನ್ನೇ ಕದ್ದಿದ್ದಾಳೆ ನೋಡು' ಅಂದ. ಹೊಸದು ಹಾಕ್ಕೊಂಡು ಹೊರಡ್ತಾನೆ ಅಂತ ನಾನು ಕಾದೆ. ಹೋಗ್ಲೇ ಇಲ್ಲ. ಯಾಕೋ ಅಂದ್ರೆ, 'ಅವಳು ನನ್ನ ಕಾಯ್ತಾ ಇದ್ದಾಳೆ, ಕಾಯ್ಲಿ ಬಿಡು' ಅಂದ. ನಿನಗೆ ಹೇಳಬಾರದು ಅಂತ ಆಣೆ ಬೇರೆ."

ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಮುಖವನ್ನು ತೋಳಿಗೆ ಒರೆಸಿಕೊಂಡಳು. ಮಾಮನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಕೀಲಿ ತಿರುಗಿಸಲು ಹೇಳಿದಳು. ಅಪ್ಪ ವಾರವಾರವೂ ಚಾರ್ಜ್ ಮಾಡಿಟ್ಟಿದ್ದ ಬ್ಯಾಟರಿ ಎಂಜಿನ್ನನ್ನು ಜೋರಾಗಿಯೇ ತಿರುಗಿಸಿತು. ಆದರೆ ಹೊತ್ತಿಕೊಳ್ಳಲಿಲ್ಲ.

"ರೋಟರ್ ಇದೆಯಲ್ಲ, ಮತ್ತೇನಂತೆ ಇದಕ್ಕೆ ರೋಗ?" ಎಂದ ಪೇಂಟರ್.

ಅಪ್ಪ ಕಲಿಸಿದ್ದ ಹಾಗೆ ಅವಳು ಪ್ಲಗ್ಗಿನಿಂದ ಹಿಂದೆ ಹಿಂದೆ ನಡೆಯತೊಡಗಿದಳು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿಟ್ಟು ತಿರುಗಿಸಿದರೆ ಕಿಡಿ ಇಲ್ಲ. ಕಿಡಿಗೆ ಶಕ್ತಿ ಕೊಡುವ ಕಾಯಿಲ್‌ನಿಂದ ಬರುವ ದಪ್ಪ ವೈರು ಕಿತ್ತು ಕಬ್ಬಿಣದ ಹತ್ತಿರ ಹಿಡಿದಳು, ಅಲ್ಲೂ ಇಲ್ಲ. ಪುಟ್ಟ ಬಲ್ಬು ಹಿಡಿದು ನೋಡಿದರೆ ಕಾಯಿಲ್‌ಗೆ ಕರೆಂಟು ಬರುತ್ತಿದೆ. ಉಳಿದದ್ದು ಒಂದೇ ಜಾಗ. ಹೊಸ ರೋಟರನ್ನು ಮೇಲಕ್ಕೆಳೆದು, ಅದರ ಅಡಿಯ ಪಾಯಿಂಟ್‌ಗಳಿಗೆ ಟಾರ್ಚ್ ಬಿಟ್ಟಳು. ಎರಡು ಪುಟ್ಟ ಲೋಹದ ತುದಿಗಳು ಕೂಡಿ ಬಿಡುವಾಗ ಹುಟ್ಟುವುದೇ ಕಿಡಿ. ಅವು ಕೂಡದ ಹಾಗೆ ನಡುವೆ ಯಾರೋ ಕಾಗದದ ಚೂರು ಸಿಕ್ಕಿಸಿದ್ದರು.

ರವಿಕೆಯ ಪಿನ್ನಿನಿಂದ ಅದನ್ನು ಈಚೆ ಎಳೆದಳು. ಕ್ಲಿನಿಕ್ಕಿನ ಕಾರ್ಡಿನಿಂದ ಕತ್ತರಿಸಿದ ಪಟ್ಟಿ. ಅಪ್ಪ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದ. ಡಾಕ್ಟರ ದಪ್ಪ ಅಕ್ಷರದಲ್ಲಿ ಒಂದೇ ಪದ ಉಳಿದಿತ್ತು: ಓಡಿಸಬಾರದು.

ಅವಳು ಜೀಪಿನ ಮಡ್ಗಾರ್ಡಿಗೆ ಒರಗಿ ಮನಸಾರೆ ಅತ್ತಳು. ಆಮೇಲೆ ಅವಳು ಹೊಸ ರೋಟರನ್ನೇ ಮತ್ತೆ ಕೂರಿಸಿ, ಬಿಚ್ಚಿದ್ದನ್ನೆಲ್ಲ ಸೇರಿಸಿ, ಕ್ಯಾಪ್ ಹಾಕಿ, "ತಿರುಗಿಸಿ ಮಾಮಾ" ಎಂದಳು.

ಹಟಮಾರಿ ಒಮ್ಮೆ ಕೆಮ್ಮಿ, ಸ್ಟಾರ್ಟ್ ಆಯಿತು.

"ಏನಾಗಿತ್ತಮ್ಮ ಅದಕ್ಕೆ? ಅಪ್ಪನಿಗೇ ಸಿಗದೆ ಹೋಯ್ತಲ್ಲ," ಎಂದರು ಟೀಚರ್.

"ಅಪ್ಪನಿಗೆ ಸಿಕ್ಕಿತ್ತು ಟೀಚರ್, ಮೊದಲ ದಿನವೇ. ಅವನೇ ನಿಲ್ಲಿಸಿಟ್ಟಿದ್ದ," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

ಪೆಟ್ಟಿಗೆಯನ್ನು ಹಿಂದೆ ಏರಿಸಿದರು. ಅವಳೇ ಓಡಿಸಿದಳು. ಬಂಡೆಯ ತಿರುವಿನಲ್ಲಿ, ಅಪ್ಪ ಮಾಡುತ್ತಿದ್ದ ಹಾಗೆಯೇ, ಗೇರು ಇಳಿಸಿ ನಿಧಾನಕ್ಕೆ ಹತ್ತಿಸಿದಳು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮಣ್ಣಿಗಿಳಿಸುವ ಮೊದಲು ಕೊನೆಯ ಸಲ ಮುಚ್ಚಳ ತೆರೆದರು. ಅವಳು ಬಗ್ಗಿ ಅಪ್ಪನ ಶರ್ಟಿನ ಜೇಬಿಗೆ ಹಳೇ ಕಪ್ಪು ತುಂಡೊಂದನ್ನು ಹಾಕಿ ಬಟನ್ ಹಾಕಿದಳು.

"ಏನಮ್ಮ ಅದು?" ಎಂದ ಪೆಟ್ಟಿಗೆಯ ಜೊತೆ ಬಂದಿದ್ದ ವ್ಯಾನಿನ ಡ್ರೈವರ್.

"ಅವನದ್ದೇ. ನನ್ನ ಹತ್ತಿರ ಉಳಿದಿತ್ತು."

ಮಣ್ಣು ಬೀಳತೊಡಗಿತು. ಗೇಟಿನ ಹೊರಗೆ ಹಟಮಾರಿ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅದನ್ನು ಆಫ್ ಮಾಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.